ಮೂರೂವರೆ ನಕ್ಷತ್ರ

ಸಿನಿಮಾ ವಿಮರ್ಶೆ ಬರೆಯುವ ಹುಡುಗನಿಗೆ ಡೆಂಗಿ.
ಶನಿವಾರದ ಪುರವಣಿಯಲ್ಲಿ ಅಂಗೈಯಗಲ ಖಾಲಿ.
'ಹುಡುಗರೆಲ್ಲ ಆಡ್ತಾವಲ್ಲ ಮೇಡಂ, ಆ ಗುಂಡಿನ ಆಟ,
ಅದನ್ನೇ ನೋಡ್ಕೊಂಡು ಬಂದು ಬರೀರಿ' ಅಂದರು ಸಂಪಾದಕರು.
ನನಗೆ ಐವತ್ತೆರಡು. ಕರಡು ತಿದ್ದುವ ಕೆಲಸ.
ಮಹಾಪ್ರಾಣ ಬಿಟ್ಟರೆ ಇದುವರೆಗೆ
ಯಾರ ಪ್ರಾಣವನ್ನೂ ತೆಗೆದವಳಲ್ಲ.

ಲಷ್ಕರ್ ಮೊಹಲ್ಲಾ. ಬೇಕರಿಯ ಮೇಲಿನ ಮಹಡಿ.
ಡೆನ್ಜಿಲ್‌ನ ಅಂಗಡಿ, ಗಂಟೆಗೆ ನಲವತ್ತು.
ಕೆಳಗಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ,
ಒಳಗೆ ನೀಲಿ ಬೆಳಕಿನಲ್ಲಿ ಹನ್ನೊಂದು ಬಗ್ಗಿದ ಕತ್ತು.
ಚಪ್ಪಲಿ ಹೊರಗೆ ಬಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ.

ಆಟದ ಹೆಸರು 'ಕಕ್ಷೆ ಒಂಬತ್ತು'.
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು.
ಶನಿಯ ಸುತ್ತ ತಿರುಗುವ ಯಾವುದೋ ಚಂದ್ರ, ಬರೀ ಹಿಮ,
ಈ ಕಡೆ ಆರು ಜನ, ಆ ಕಡೆ ಆರು.
ಜಗಳ ಯಾತಕ್ಕೆ ಅಂತ ಕೇಳಿದೆ.
'ನೀರಿಗೆ, ಆಂಟಿ' ಅಂದ ಪಕ್ಕದ ನೌಮಾನ್.
ನೀರಿಗೇ? ಇನ್ನೂರು ವರ್ಷ ಆದಮೇಲೂ?
ಮಂಡ್ಯದಲ್ಲಿ ಹುಟ್ಟಿದವಳು ನಾನು,
ಮುಂದಿನ ಕತೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಎಡಗೈ ನಡೆಸುತ್ತದೆ, ಬಲಗೈ ನೋಡುತ್ತದೆ,
ನನ್ನಲ್ಲಿ ಅವೆರಡಕ್ಕೂ ಮಾತುಕತೆ ಇಲ್ಲ.
ಗೋಡೆಗೆ ಮುಖ ಕೊಟ್ಟು ನಿಂತೆ, ಮಗ್ಗಿ ಬಾರದ ಮೂರನೇ ಕ್ಲಾಸಿನವಳ ಹಾಗೆ.
ಸತ್ತೆ. ಏಳು ಎಣಿಸುವಷ್ಟರಲ್ಲಿ ಮತ್ತೆ ಹುಟ್ಟಿದೆ.
ಸತ್ತೆ. ಕನ್ನಡಕದ ಮೇಲರ್ಧದಲ್ಲಿ ಶತ್ರು ಮಸುಕು,
ಕೆಳಗಿನರ್ಧದಲ್ಲಿ
ಸತ್ತೆ.

ವಿಮರ್ಶೆ ಅಂದಮೇಲೆ ಹೇಳಬೇಕು: ಬೆಳಕು ಚೆನ್ನಾಗಿದೆ.
ಹಿಮದ ಮೇಲಿನ ಹೆಜ್ಜೆ, ಗಟ್ಟಿ ಅವಲಕ್ಕಿ ಅಗಿದ ಸದ್ದು,
ಯಾವ ದಿಕ್ಕಿನದೆಂದು ಬೆನ್ನಿಗೇ ಗೊತ್ತಾಗುತ್ತದೆ.
ಬಂದೂಕು ಇಪ್ಪತ್ತಾರು ಬಗೆ. ನನಗೆಲ್ಲ ಒಂದೇ.
ನಮ್ಮತ್ತೆ ಅಂಚು ಮುಟ್ಟಿ ಸೀರೆಯ ಊರು ಹೇಳುತ್ತಿದ್ದರಲ್ಲ,
ಹಾಗೆ ಈ ಹುಡುಗರು ಸದ್ದು ಕೇಳಿ ಹೆಸರು ಹೇಳುತ್ತಾರೆ.
ದುಡ್ಡು ತೆತ್ತರೆ ಬಂದೂಕಿಗೆ ನವಿಲಿನ ಬಣ್ಣ.
ಹಗಲು ದರೋಡೆ. ಬಣ್ಣವೇನೋ ಚೆಂದವಿತ್ತು.

ಕೊರತೆ: ಹೆಣ ಉಳಿಯುವುದಿಲ್ಲ.
ಕರಗುತ್ತದೆ, ಹಿಮ ಗುಡಿಸಿಟ್ಟ ಅಂಗಳ.
ನನ್ನ ತವರಿನ ಕೆರೆ ಏರಿಯ ಮೇಲೊಂದು ವೀರಗಲ್ಲು,
ದನ ಬಿಡಿಸಲು ಹೋಗಿ ಬಿದ್ದ ಯಾವನೋ.
ಬಟ್ಟೆ ಒಗೆದೂ ಒಗೆದೂ ಮೂಗು ಸವೆದಿದೆ, ಅಕ್ಷರ ಉಳಿದಿಲ್ಲ.
ಆದರೂ ಅದರ ಮೇಲೆ ಸೋಪಿಡುವ ಮುಂಚೆ
ಅಮ್ಮ ಒಂದು ಚೊಂಬು ನೀರು ಹಾಕುತ್ತಿದ್ದಳು, ಅವನಿಗೆ.

ಕೊನೆಯ ಆಟ. ಇದರಲ್ಲಿ ಬಿದ್ದವರು ತಾವಾಗಿ ಏಳುವಂತಿಲ್ಲ,
ತಮ್ಮವರೊಬ್ಬರು ಬಂದು ಐದು ಸೆಕೆಂಡು ಕೈ ಹಿಡಿಯಬೇಕು.
ನೀರಿನ ತೊಟ್ಟಿಯ ಮೇಲೆ ನೌಮಾನ್ ಒಬ್ಬನೇ,
ಹತ್ತು ಎಣಿಸುವ ತನಕ ಅಲ್ಲೇ ನಿಂತರೆ ಗೆಲುವು.
ಎಂಟು ಆಗಿತ್ತು.
ನಾನು ಹಿಂದೆ, ಗಣಿಯ ಬಾಯಲ್ಲಿ, ಬಿದ್ದಿದ್ದೆ.
ತೊಟ್ಟಿ ಬಿಟ್ಟು ಓಡಿ ಬಂದ. ಮಂಡಿಯೂರಿದ.
ಲೋಹದ ಕೈಗವಸು ನನ್ನ ಪರದೆಯ ತುಂಬ.
ಮೂರು, ನಾಲ್ಕು, ಇಬ್ಬರಿಗೂ ಒಟ್ಟಿಗೇ ಬಿತ್ತು.

ಉಳಿದವರ ಬೈಗುಳ ಅಚ್ಚಿಗೆ ಯೋಗ್ಯವಲ್ಲ,
ವ್ಯಾಕರಣದಲ್ಲಿ ಮಾತ್ರ ಒಂದು ತಪ್ಪಿರಲಿಲ್ಲ.
'ಯಾಕೋ ಬಂದೆ?' ಅಂದೆ.
ಹೆಡ್‌ಫೋನು ತೆಗೆಯದೆ ಅಂದ: 'ನೀವು ಕೂಗಿದ್ರಲ್ಲ.'
ನಾನು ಕೂಗಿರಲಿಲ್ಲ.
ಕೂಗಿದ್ದೆನೋ ಏನೋ.

ಐದಕ್ಕೆ ಮೂರೂವರೆ ಅಂತ ಬರೆದುಕೊಟ್ಟೆ.
ಪುಟ ಕಟ್ಟುವ ರೇವಣ್ಣ ಫೋನು ಮಾಡಿದ:
'ನಮ್ಮಲ್ಲಿ ಅರ್ಧ ನಕ್ಷತ್ರ ಇಲ್ಲ ಮೇಡಂ, ಮೂರೋ, ನಾಲ್ಕೋ?'
ಆ ಅರ್ಧ ಯಾತರದ್ದು ಅಂತ ಅವನಿಗೆ ಹೇಳಲು ಹೋಗಲಿಲ್ಲ.
ಮೂರು ಹಾಕು ಅಂದೆ.

ಡೆನ್ಜಿಲ್‌ಗೆ ಹತ್ತು ರೂಪಾಯಿ ಬಾಕಿ, ಅವತ್ತು ಚಿಲ್ಲರೆ ಇರಲಿಲ್ಲ.
ಕೊಟ್ಟು ಬರಬೇಕು. ಸಂಜೆ ಐದರ ಮೇಲೆ,
ನೌಮಾನ್ ಟ್ಯೂಷನ್ ತಪ್ಪಿಸಿಕೊಂಡು ಬರುವ ಹೊತ್ತಿಗೆ.